ಸರಕಾರದ ಕುದುರೆ ತಿಂದ ಕರಕಿ

ನಮ್ಮ ಹೊಲಕ್ಕೆ ಕಳ್ಳರು ಬರಲಿಲ್ಲ, ಹಂದಿ ಬರಲಿಲ್ಲ, ಶಿವನ ದಯೆ. ಬಂದದ್ದು ಕರಕಿ. ಗಣಪ್ಪನಿಗೆ ಏರಿಸುತ್ತೇವಲ್ಲ, ಅದೇ ಹುಲ್ಲು. ದೇವರ ತಲೆಯ ಮೇಲೆ ನಾಲ್ಕು ಎಸಳಿದ್ದರೆ ಚಂದ. ಜೋಳದ ಹೊಲದ ತುಂಬ ಇದ್ದರೆ ಮನೆಮಂದಿಯೆಲ್ಲ ಗಣಪ್ಪನ ಮುಂದೆ ಕೂತು ಗಾಳಿ ತಿನ್ನಬೇಕು.

ನಿಜಾಮರ ರಾಜ್ಯದ ಕಾಲ ಅದು. ಯಲಬುರ್ಗಾದ ಕಡೆ, ಬೇವೂರಿನ ಹಾದಿಗೆ ನಮ್ಮವು ಎರಡು ಹೊಲ. ಒಂದು ಕಲ್ಲು ಮಸಾರಿ, ಕೆಂಪು ನೆಲ. ಸಜ್ಜೆ ಬಿಟ್ಟು ಅದರ ಹತ್ತಿರ ಬೇರೇನೂ ಕೇಳುವಂತಿರಲಿಲ್ಲ. ಇನ್ನೊಂದು ಕಪ್ಪು ಮಣ್ಣಿನ ಎರೆ ಹೊಲ. ವರ್ಷದ ರೊಟ್ಟಿ ಅದರಲ್ಲೇ ಹುಟ್ಟಬೇಕು. ಕರಕಿ ಹೊಕ್ಕದ್ದು ಅದಕ್ಕೇ.

ಕುಂಟೆ ಹೊಡೆದರೆ ಕರಕಿ ಸಾಯುವುದಿಲ್ಲ, ತುಂಡಾಗುತ್ತದೆ. ಆಮೇಲೆ ಒಂದೊಂದು ಗಿಣ್ಣೂ ಬೇರೆ ಸಂಸಾರ ಹೂಡುತ್ತದೆ. ಸೋಮವಾರ ನಾವು ಎತ್ತು ಹೂಡುವುದಿಲ್ಲ. ಕರಕಿಗೆ ಸೋಮವಾರವೂ ಇಲ್ಲ. ಅದನ್ನು ಬೇರು ಸಮೇತ ಅಗೆದು ಸುಡಬೇಕು. ಬೇಸಿಗೆಯಲ್ಲಿ ನಾವು ಹೆಣ್ಣುಮಕ್ಕಳು ನಡ ಮುರಿಯುವಂತೆ ಆರಿಸಿ ಗುಡ್ಡೆ ಹಾಕಿದೆವು. ನಮ್ಮವರು ಬೆಂಕಿ ಹಚ್ಚಲು ಹೋದಾಗ ಮಾವನವರು ಅಡ್ಡ ನಿಂತರು.

“ಗಣಪ್ಪನ ಹುಲ್ಲಿಗೆ ಬೆಂಕಿ ಹಚ್ಚತೀಯೇನಲೇ? ಮನಿ ಉಳಿತೈತೇನು!”

ಸರಿ. ಅಗೆದ ಕರಕಿಯನ್ನು ಮರ್ಯಾದೆಯಿಂದ ಹೊತ್ತು ಬದುವಿನ ಮೇಲೆ ಪೇರಿಸಿದೆವು. ಮಾವನವರು ಅದಕ್ಕೆ ಕೈಮುಗಿದರು. ಮೊದಲ ಮಳೆಗೆ ಗುಡ್ಡೆ ಹಸಿರಾಯಿತು. ಎರಡನೆಯ ಮಳೆಗೆ ಬಳ್ಳಿ ಬಿಟ್ಟು ಹೊಲಕ್ಕಿಳಿಯಿತು. ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಕರಕಿ ಅದರ ಕೊರಳು ಹಿಡಿದಿತ್ತು, ಸುಳಿಯೆಲ್ಲ ಹಳದಿ. ಎತ್ತಿಗೆ ಹಾಕಿದರೆ ಅವು ಎಲೆ ಎಳೆದುಕೊಂಡು ಮಣ್ಣು ಹತ್ತಿದ ಬೇರು ಬಿಡುತ್ತಿದ್ದವು. ಬಿಟ್ಟ ಬೇರು ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯ ಗೊಬ್ಬರ ಮತ್ತೆ ಹೊಲಕ್ಕೆ. ತವರಿಗೆ ಹೋಗಿ ಬಂದ ಸೊಸೆಯ ಹಾಗೆ ಕರಕಿ ಮೈತುಂಬಿಕೊಂಡು ಬರುತ್ತಿತ್ತು.

ಅಷ್ಟರಲ್ಲಿ ಬೆಳೆ ನೋಡುವುದಕ್ಕೆ ಗಿರ್ದಾವರ ಸಾಹೇಬರು ಬಂದರು. ಕಂದಾಯದ ಈ ಅಧಿಕಾರಿ ಕುದುರೆ ಏರಿ ಬರುತ್ತಾರೆಂದರೆ ಊರಿಗೆ ಊರೇ ತುಪ್ಪದ ಗಡಿಗೆಯನ್ನು ಅಟ್ಟಕ್ಕೇರಿಸುತ್ತಿತ್ತು, ಹಸಿಹುಲ್ಲನ್ನು ಬಚ್ಚಿಡುತ್ತಿತ್ತು. ಬಿಟ್ಟಿ ಕೊಡಬೇಕಲ್ಲ! ಅವರ ಕುದುರೆಯ ಆಳು, ಒಬ್ಬ ಮುದುಕ ಸಾಯೀಸ, ಹುಲ್ಲು ಕೇಳುತ್ತ ನಮ್ಮ ಬಾಗಿಲಿಗೆ ಬಂದ. ಮಾವನವರು ರೂಢಿಯಂತೆ, “ಎಲ್ಲೈತೋ ಮಾರಾಯಾ? ನಮ್ಮ ದನಕ್ಕ ಇಲ್ಲ” ಅಂದರು.

ಮಾವನವರ ಮುಂದೆ ನಾನು ಬಾಯಿ ಬಿಡುವಂತಿರಲಿಲ್ಲ. ಆದರೆ ಬಾಗಿಲ ಹಿಂದೆ ನಿಂತು ಅತ್ತೆಯ ಸಂಗಡ ಮಾತಾಡಬಹುದಲ್ಲ, ದೇವರು ಅದೊಂದು ಸವಲತ್ತು ಕೊಟ್ಟಿದ್ದ. “ಅತ್ತಿ, ನಮ್ಮ ಬದುವಿನ ಕರಕಿ ಸಾಹೇಬರ ಕುದುರಿ ತಿಂತೈತೇನ್ರಿ?” ಎಂದು ಓಣಿಗೆಲ್ಲ ಕೇಳುವಂತೆ ಕೇಳಿದೆ.

ಸಾಯೀಸನ ಕಿವಿ ನೆಟ್ಟಗಾಯಿತು. “ಕರಕಿ ಬೇರು ಐತೇನ್ರೀ ಅಮ್ಮಾ? ತೊಳದು ಹಾಕಿದ್ರ ಕುದುರಿಗೆ ಅದು ಹಲ್ವಾ ಐತಿ, ಹಲ್ವಾ!”

“ಗಣಪ್ಪನ ಹುಲ್ಲು ಕುದುರಿಗೆ ಹಾಕೂದೇನು?” ಮಾವನವರು ಗುಡುಗಿದರು.

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. “ಸುಡಬ್ಯಾಡ ಅಂದ್ರಿ, ಸುಡಲಿಲ್ಲ. ತಿನ್ನಸಬ್ಯಾಡ ಅಂತನೂ ಗಣಪ್ಪ ನಿಮ್ಮ ಕಿವ್ಯಾಗ ಹೇಳ್ಯಾನೇನ್ರಿ? ಬರೂ ವರ್ಷ ಕರಕಿ ರೊಟ್ಟಿ ಬಡೀಲೇನು ನಾನು?”

ಮಾವನವರು ಒಳಗೆ ಹೋಗಿ ವಿಭೂತಿ ಹಚ್ಚಿಕೊಂಡು ಕೂತರು. ಅದನ್ನೇ ಅಪ್ಪಣೆ ಅಂದುಕೊಂಡೆವು.

ಸಾಯೀಸ ಬದುವಿನದು ಮುಗಿಸಿ ಜೋಳದ ಸಾಲಿಗಿಳಿದ. ಜತೆಗೆ ಸಾಹೇಬರ ಜವಾನರೂ ಗುದ್ದಲಿ ಹಿಡಿದರು. ಸರಕಾರದವರು ನಮ್ಮ ಹೊಲದಲ್ಲಿ ಬಗ್ಗಿ ಕಸ ತೆಗೆದದ್ದನ್ನು ಈ ಕಣ್ಣಿಂದ ಕಂಡೆ, ಇದೂ ಶಿವನ ಕೃಪೆಯೇ. ಕುದುರೆಯ ಮೈ ಮಿಂಚಿತು. ಆದರೆ ಕುದುರೆಗೆ ಊರು ಒಗ್ಗಿತೆಂದು ಸಾಹೇಬರಿಗೂ ಒಗ್ಗಿತು. ಒಂದು ರಾತ್ರಿಯ ಮುಕ್ಕಾಮು ವಾರವಾಯಿತು. ಕುದುರೆಯ ಮೇವು ನಮ್ಮದು, ಹೀಗಾಗಿ ಜವಾನರ ಊಟವೂ ನಮ್ಮದೇ ಎಂದು ಊರಿನ ಹಿರಿಯರು ನ್ಯಾಯ ಹೇಳಿದರು. ನಾನು ಬಡಿದ ರೊಟ್ಟಿ ಕೆಂಡದಿಂದ ನೇರ ಅವರ ತಾಟಿಗೆ ಹೋಗುತ್ತಿತ್ತು. ಕೋಳಿ ಬೇಕೆಂದರೆ ನಮ್ಮದು ಶರಣರ ಮನೆ. ಒಂದು ಖರ್ಚು ತಪ್ಪಿತು, ದೇವರು ದೊಡ್ಡವನು.

“ಕರಕಿ ಹೊಲಾ ತಿಂತಿತ್ತು, ಇವರು ಹಗೇವು ತಿನ್ನಾಕ ಹತ್ಯಾರ” ಎಂದು ಅತ್ತೆ ಹಳೆಯ ಜೋಳ ತುಂಬಿಟ್ಟಿದ್ದ ನೆಲದ ಹಗೇವಿನೊಳಗೆ ಇಣುಕಿ ನೋಡಿದರು.

“ಕರಕಿಗಾದ್ರೂ ತುಪ್ಪ ಬೇಕಾಗಿರಲಿಲ್ಲರಿ ಅತ್ತಿ” ಅಂದೆ.

ಕೊನೆಗೆ ಒಂದು ಮುಂಜಾನೆ ಸಾಯೀಸ ಬರಿ ಚೀಲ ಹೊತ್ತು ತಿರುಗಿ ಬಂದ. ಎಷ್ಟು ಅಗೆದರೂ ಬೇರು ಸಿಗಲಿಲ್ಲವಂತೆ. ಅಂದೇ ಸಾಹೇಬರಿಗೆ ಮುಂದಿನ ಊರಿನ ಬೆಳೆ ನೆನಪಾಯಿತು.

ಅವರು ಹೋದ ಮೇಲೆ ಒಂದು ಒಳ್ಳೆಯ ಮಳೆಯಾಯಿತು. ಹಳದಿ ಸುಳಿ ಹಸಿರು ತಿರುಗಿತು, ಜೋಳ ತೆನೆ ಹಿಡಿಯಿತು. ಹಗೇವು ತುಂಬಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಮುಂದಿನ ಸುಗ್ಗಿಯವರೆಗೆ ಯಾರ ಮನೆಗೂ ಕಾಳು ಕಡ ಕೇಳಲು ಮೊರ ಹಿಡಿದು ಹೋಗಲಿಲ್ಲ. ಮಾವನವರು ಮಾತ್ರ ಗುಡಿಯ ಕಟ್ಟೆಗೆ ಕೂತು, ತಮ್ಮ ಭಕ್ತಿಗೆ ಮೆಚ್ಚಿ ಗಣಪ್ಪನೇ ಕರಕಿ ಹಿಂದಕ್ಕೆ ಕರೆಸಿಕೊಂಡ ಎಂದು ಹೇಳುತ್ತಿದ್ದರು. ಕೇಳಿದ ಮಂದಿ ನಮ್ಮವರನ್ನು ಬದಿಗೆ ಕರೆದು, “ಸಾಹೇಬರು ಮತ್ತ ಯಾವಾಗ ಬರ್ತಾರಪಾ? ನಮ್ಮ ಹೊಲದಾಗೂ ಭಾಳ ಐತಿ” ಎಂದು ಕೇಳುತ್ತಿದ್ದರು.

ಮರುವರ್ಷ ಬೇಸಿಗೆಯಲ್ಲಿ ಹೊಲದ ಒಂದು ಮೂಲೆಯಲ್ಲಿ ಕರಕಿ ಚಿಗುರಿತು. ಅಗೆದು ತೆಗೆದು ಬದುವಿಗೆ ಹೊರಲು ಬುಟ್ಟಿಗೆ ತುಂಬುತ್ತಿದ್ದೆವು. ಮಾವನವರು ಕೋಲು ಊರಿಕೊಂಡು ಬಂದರು, ಬುಟ್ಟಿ ನೋಡಿದರು, ಊರ ಹಾದಿಯನ್ನೂ ಒಮ್ಮೆ ನೋಡಿದರು.

“ಸುಟ್ಟುಬಿಡ್ರಿ,” ಅಂದರು, “ಕುದುರಿಗೆ ವಾಸನಿ ಹತ್ತೂದರೊಳಗ. ಗಣಪ್ಪ ತಡಕೊಂತಾನ.”