ಒರೆಸದೆ ಬಿಟ್ಟ ಗೆರೆ

ಸಾಗರದ ಸುತ್ತಿನ ಊರುಗಳಲ್ಲಿ ಮದುವೆಮನೆಯ ಹಸೆಗೋಡೆಗೆ ಚಿತ್ತಾರ ಬರೆಯಲು ಗುತ್ಯಮ್ಮನನ್ನೇ ಕರೆಯುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಗೆರೆ ಕೂದಲೆಳೆಯಷ್ಟು ವಾರೆಯಾದರೂ ಕೆಮ್ಮಣ್ಣಿನಿಂದ ಒರೆಸಿ ಮತ್ತೆ ಬರೆಯಬೇಕು, ಅದು ಅವಳ ಹಟ. ಮಗಳು ಸುಚಿತ್ರಾಳಿಗೂ ಹಾಗೆಯೇ ಕಲಿಸಿದಳು. ಮುಲಾಜು ಎಂಬುದು ಆ ಹೆಂಗಸಿನ ಹತ್ತಿರವೂ ಸುಳಿದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಸುಚಿತ್ರಾಳ ಗೆರೆ ಹಾದಿ ತಪ್ಪತೊಡಗಿತು.

"ಕೈ ಜೋಮು ಹಿಡೀತೈತೆ ಅವ್ವಾ. ಒಂದು ಕಣ್ಣೂ ಮಂಜು."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಒರೆಸು, ಇನ್ನೊಂದ್ಸಲ ಬರಿ," ಎಂದಳು ಗುತ್ಯಮ್ಮ. ಸುಚಿತ್ರಾ ಒರೆಸಿದಳು, ಬರೆದಳು, ಮತ್ತೆ ಒರೆಸಿದಳು. ಕೊನೆಗೆ ಹಸಿ ಗೋಡೆಗೇ ಒರಗಿ ಕುಸಿದಳು.

ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಬೆನ್ನುಹುರಿಯ ನೀರನ್ನೂ ತೆಗೆದು ನೋಡಬೇಕು ಎಂದರು. ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡವರು ಮತ್ತೆ ಏಳುವುದಿಲ್ಲವೆಂದು ಊರೆಲ್ಲ ಹೇಳುತ್ತದೆ. ಸೂಜಿಯೇ ಬೇಡವೆಂದು ಗುತ್ಯಮ್ಮ ಮಗಳ ರಟ್ಟೆ ಹಿಡಿದು ಊರಿನ ಬಸ್ಸು ಹತ್ತಿಸಿಬಿಟ್ಟಳು. ಹರಕೆ ಹೊತ್ತಳು, ಕಷಾಯ ಕುಡಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಸುಚಿತ್ರಾ ಸೂಜಿಯಿಲ್ಲದೆಯೇ ಹಾಸಿಗೆ ಹಿಡಿದಿದ್ದಳು.

ಆಮೇಲೆ ನೀರು ತೆಗೆಸಿದರು. ಡಾಕ್ಟರು ಗುತ್ಯಮ್ಮನೊಬ್ಬಳನ್ನೇ ಒಳಗೆ ಕರೆದರು.

"ರಕ್ತ ಹೆಪ್ಪುಗಟ್ಟಿಸೋ ಪ್ರೋಟೀನು ರಕ್ತದಲ್ಲೇ ಇರ್ಬೇಕಮ್ಮ. ಇವ್ರ ಬೆನ್ನಿನ ನೀರಲ್ಲಿ ಜಾಸ್ತಿ ಸಿಕ್ಕಿದೆ. ಮಿದುಳಿಗೂ ರಕ್ತಕ್ಕೂ ನಡುವೆ ಗೋಡೆಯಂಥ ತಡೆ ಇರುತ್ತೆ, ಅದು ಸೋರ್ತಿದೆ. ಅದೊಂದನ್ನೇ ನೋಡಿ ಹೇಳ್ತಿಲ್ಲ, ನರದ ಪೊರೆ ಹಾಳಾಗಿರೋದು ಸ್ಕ್ಯಾನಲ್ಲೂ ಕಾಣ್ತಿದೆ. ಇನ್ನು ಹೆಚ್ಚಾಗದ ಹಾಗೆ ಔಷಧಿ ಕೊಡ್ತೀವಿ. ಕೈ ಮೊದಲಿನಂತೆ ಆಗೋದು ಕಷ್ಟ. ಸ್ವಲ್ಪ ಮುಂಚೆ ಬರ್ಬೇಕಿತ್ತು."

ನೆಲ ನಿಜವಾಗಿಯೂ ಡೊಂಕಾಗಿತ್ತು. ಗೋಡೆಗಳ ಮುಂದೆಯೇ ಕೂದಲು ನೆರೆತವಳು, ಮಗಳೊಳಗೆ ಗೋಡೆ ಸೋರುತ್ತಿದ್ದರೆ ಅವಳ ಕೈಯನ್ನು ಬೈದಿದ್ದಳು. ಗುತ್ಯಮ್ಮ ಹೊರಗೆ ಬಂದು ಮಗಳಿಗೆ ಮಾತ್ರ "ಎಲ್ಲ ಸರಿಹೋಗ್ತೈತಂತೆ" ಎಂದಳು.

ಮೊನ್ನೆ ನೆರೆಮನೆಯ ಹುಲಿಯಮ್ಮನ ಮಗಳ ಮದುವೆ. ಔಷಧಿಯಿಂದ ಎದ್ದು ಕೂರುವಷ್ಟಾಗಿದ್ದ ಸುಚಿತ್ರಾ ತಾನೂ ಬರೆಯುತ್ತೇನೆಂದು ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಂಚ ಹಿಡಿದಳು. ಗೆರೆ ನಡುಗುತ್ತ ಇಳಿದು ಪಕ್ಕಕ್ಕೆ ವಾಲಿತು. ಅವಳೇ ಕೆಮ್ಮಣ್ಣಿನ ಬಟ್ಟಲಿಗೆ ಕೈಚಾಚಿದಳು.

"ವಾರೆ ಬಂತವ್ವಾ. ಒರೆಸ್ಲಾ?"

"ಇರ್ಲಿ ಬಿಡೇ. ಚೆಂದಾಗೇ ಐತೆ."

ಸುಚಿತ್ರಾ ಅವ್ವನ ಮುಖವನ್ನೇ ನೋಡಿದಳು. ಅವ್ವ ಎಂದೂ ವಾರೆ ಗೆರೆಯನ್ನು ಉಳಿಸಿದವಳಲ್ಲ.

"ಹಂಗಾರೆ ನನ್ ಕೈ ಸರಿಹೋಗಲ್ಲ, ಅಲ್ವಾ ಅವ್ವಾ?" ಎಂದು ಮೆಲ್ಲಗೆ ಕೇಳಿ, ಕುಂಚವನ್ನು ಬಟ್ಟಲಲ್ಲಿ ಇಟ್ಟಳು.