ಮೆತ್ತಗಣ್ಣ ಗಾಡಿ ಒಪ್ಪಿಸಿದ ಮಧ್ಯಾಹ್ನ

ಹಡಗಿನಿಂದ ಇಳಿದು ದ್ವೀಪದ ನೆಲಕ್ಕೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ, ಅಳಿಯ ಒಂದು ವ್ಯಾನಿನ ಕೀಲಿಕೈ ತಂದು ಮೆತ್ತಗಣ್ಣನ ಅಂಗೈಯಲ್ಲಿಟ್ಟ.

“ಮಾವ, ಏಳು ಜನ ಆರಾಮಾಗಿ ಕೂರೋ ಗಾಡಿ. ಡ್ರೈವರ್ ಕೊಡ್ತೀವಿ ಅಂದ್ರು, ನಾನೇ ಬೇಡ ಅಂದೆ. ನಿಮ್ಮಂಥವರು ಜೊತೆಗಿರುವಾಗ ಇನ್ಯಾವನೋ ಯಾಕೆ?”

ಆ ಕೀಲಿಕೈಯನ್ನು ಆಗಲೇ ಸಮುದ್ರಕ್ಕೆ ಎಸೆದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಎಷ್ಟೋ ಚೆನ್ನಾಗಿಯೂ ಮುಗಿಯುತ್ತಿತ್ತು. ಆದರೆ ಅಳಿಯನ ಹಿಂದೆ ಅಳಿಯನ ಅಪ್ಪ ಅಮ್ಮ ಇಬ್ಬರೂ ನಿಂತಿದ್ದರು. ಮಗಳನ್ನು ಕೊಟ್ಟ ಮನೆಯವರ ಎದುರು ಮುಖ ಸಿಂಡರಿಸುವುದಾದರೂ ಹೇಗೆ? ಮೆತ್ತಗಣ್ಣನ ಬೆರಳುಗಳು ತಾವಾಗಿಯೇ ಕೀಲಿಕೈಯನ್ನು ಹಿಡಿದುಕೊಂಡವು. ಮೂವತ್ತನಾಲ್ಕು ವರ್ಷದ ಅಭ್ಯಾಸ, ದರಿದ್ರದ್ದು.

ಅವನು ಬಸ್ಸಿನ ಡ್ರೈವರ್ ಆಗಿದ್ದ. ಮೆತ್ತಗಣ್ಣ ಎಂಬುದು ಡಿಪೋದವರು ಇಟ್ಟ ಹೆಸರು. ಅವನು ಬ್ರೇಕ್ ಹಾಕಿದರೆ ನಿಂತಿದ್ದ ಕಂಡಕ್ಟರ್ ಕಂಬಿ ಹಿಡಿಯಬೇಕಾಗಿರಲಿಲ್ಲ, ತೂಕಡಿಸುತ್ತಿದ್ದವರಿಗೆ ಎಚ್ಚರವಾಗುತ್ತಿರಲಿಲ್ಲ. ಹಾಗೆ ಮಲಗಿಯೇ ತಮ್ಮ ಸ್ಟಾಪ್ ದಾಟಿಹೋದವರು ಆಮೇಲೆ ಅವನಿಗೇ ಬೈದದ್ದೂ ಉಂಟು. ಬೇಸಿಗೆಯಲ್ಲಿ ಅವನ ಬಸ್ಸನ್ನು ಪ್ರವಾಸದವರಿಗೆ ಬಾಡಿಗೆ ಕೊಡುತ್ತಿದ್ದರು. ಹಾಗಾಗಿ ಮಗಳಿಗೆ ಶಾಲೆಯ ರಜೆ ಬಂದಾಗಲೆಲ್ಲ ಅಪ್ಪ ಬೇರೆಯವರ ಮಕ್ಕಳನ್ನು ಕೂರಿಸಿಕೊಂಡು ಎಲ್ಲಿಗೋ ಹೋಗಿರುತ್ತಿದ್ದ. ಜಲಪಾತ, ಗುಹೆ, ಅರಮನೆ, ಮೃಗಾಲಯ, ಅವನು ಹೋಗದ ಜಾಗವಿಲ್ಲ. ಮೃಗಾಲಯದಲ್ಲಿ ಹುಲಿ ಹೇಗಿತ್ತು ಎಂದು ಕೇಳಬೇಡಿ. ಗಾಡಿ ನಿಲ್ಲಿಸುವ ಬಯಲಲ್ಲಿ ನೆರಳು ಯಾವ ಮೂಲೆಗೆ ಬರುತ್ತದೆ, ಎಲ್ಲಿ ಚಹಾ ಕುಡಿಯುವ ಹಾಗಿರುತ್ತದೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತಾನೆ.

ನಿವೃತ್ತಿಯ ದಿನ ಡಿಪೋದಲ್ಲಿ ಗೋಡೆ ಗಡಿಯಾರ ಕೊಟ್ಟು ಎರಡು ಮಾತಾಡು ಎಂದು ಎಬ್ಬಿಸಿ ನಿಲ್ಲಿಸಿದ್ದರು. ಅವನು ನಿಜವಾಗಿಯೂ ಎರಡೇ ಮಾತು ಆಡಿದ.

“ಇಷ್ಟು ವರ್ಷ ಮುಂದೆ ನೋಡ್ದೆ, ಕನ್ನಡೀಲಿ ಹಿಂದೆ ನೋಡ್ದೆ, ಪಕ್ಕಕ್ಕೆ ನೋಡಿದ್ದೇ ಇಲ್ಲ. ಇನ್ನು ಯಾರಾದ್ರೂ ಓಡಿಸ್ಲಿ, ನಾನು ಕಿಟಕಿ ಹತ್ರ ಕೂತು ಸುಮ್ನೆ ಆ ಕಡೆ ನೋಡ್ಕೊಂಡು ಹೋಗ್ಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಕಣ್ಣೊರೆಸಿಕೊಂಡಳು. ಮನೆಗೆ ಬರುವ ದಾರಿಯಲ್ಲಿ, “ಅಪ್ಪ, ಎಲ್ಲರೂ ಸೇರಿ ದ್ವೀಪಕ್ಕೆ ಹೋಗೋಣ. ನೀನು ಏನೂ ಮಾಡೋ ಹಾಗಿಲ್ಲ. ಕೂತ್ಕೊಂಡು ನೋಡ್ಬೇಕು, ಅಷ್ಟೇ,” ಎಂದಳು. ಆ ‘ಅಷ್ಟೇ’ಯನ್ನು ನಂಬಿ ಮೆತ್ತಗಣ್ಣ ಎರಡು ಹೊಸ ಅಂಗಿ ಹೊಲಿಸಿಕೊಂಡಿದ್ದ.

ಈಗ ಅದರಲ್ಲೊಂದು ಅಂಗಿ ಸ್ಟೀರಿಂಗಿಗೆ ಉಜ್ಜಿ ಉಜ್ಜಿ ಮೊದಲ ದಿನವೇ ಹೊಟ್ಟೆಯ ಮೇಲೆ ಕಪ್ಪಾಯಿತು.

ಪಕ್ಕದ ಸೀಟಿನಲ್ಲಿ ಬೀಗರು. ಲೆಕ್ಕಪತ್ರದ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಜೀವಮಾನದಲ್ಲಿ ಒಂದು ಸೈಕಲ್ಲನ್ನೂ ನೆಟ್ಟಗೆ ಓಡಿಸಿದವರಲ್ಲ, ಆದರೆ ಮೂವತ್ತನಾಲ್ಕು ವರ್ಷ ಓಡಿಸಿದವನಿಗೆ ದಾರಿ ಹೇಳುವುದರಲ್ಲಿ ಎತ್ತಿದ ಕೈ. “ಬೀಗ್ರೇ, ಎಡಕ್ಕೆ ತಗೊಳ್ಳಿ. ಅಲ್ಲ ಅಲ್ಲ, ಬಲಕ್ಕೆ. ಸ್ವಲ್ಪ ನಿಧಾನ. ಹಾರ್ನ್ ಹೊಡೀಬಹುದಿತ್ತಲ್ಲ?” ತಲೆಯ ಮೇಲೆ ಬಿಸಿಲಿಗೆಂದು ಕೊಂಡ ಅಗಲ ಅಂಚಿನ ಟೋಪಿ. ವ್ಯಾನಿನೊಳಗೆ ಎಲ್ಲಿಯ ಬಿಸಿಲು? ಆದರೂ ಟೋಪಿ ಇಳಿಯಲಿಲ್ಲ. ದ್ವೀಪದ ಸುತ್ತಲಿನ ರಸ್ತೆಯಲ್ಲಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದುದರಿಂದ ಸಮುದ್ರ ಉದ್ದಕ್ಕೂ ಎಡಗಡೆಗೇ ಇತ್ತು. ಮೆತ್ತಗಣ್ಣನಿಗೂ ಸಮುದ್ರಕ್ಕೂ ನಡುವೆ ಆ ಟೋಪಿ ಇತ್ತು.

ಟೋಪಿ ಇಲ್ಲದಿದ್ದರೂ ನೋಡುವ ಹಾಗಿರಲಿಲ್ಲ ಎನ್ನಿ. ಇಕ್ಕಟ್ಟಾದ ರಸ್ತೆ, ಒಂದರ ಹಿಂದೆ ಒಂದು ತಿರುವು, ಎದುರಿನಿಂದ ಲಂಗುಲಗಾಮಿಲ್ಲದೆ ಬರುವ ಬಾಡಿಗೆ ಸ್ಕೂಟರುಗಳು. ಒಂದು ತಿರುವಿನಲ್ಲಿ, ಸಮುದ್ರದೊಳಗಿನ ಬಂಡೆಯೊಂದರಲ್ಲಿ ತೂತಿತ್ತಂತೆ. ಅಲೆ ಬಡಿದಾಗ ಆ ತೂತಿನಿಂದ ನೀರು ತೆಂಗಿನ ಮರದೆತ್ತರ ಚಿಮ್ಮುತ್ತಿತ್ತಂತೆ. ಅಲ್ಲಿಗೆ ಬಂದಾಗಲೆಲ್ಲ ಹಿಂದಿನಿಂದ ಕೂಗು ಏಳುತ್ತಿತ್ತು.

“ಅಯ್ಯೋ ನೋಡಿ ನೋಡಿ! ಎಷ್ಟೆತ್ತರ!”

“ತಾತ, ನೋಡಿದ್ಯಾ?” ಎಂದು ಏಳು ವರ್ಷದ ಮೊಮ್ಮಗಳು ಕೇಳುತ್ತಿದ್ದಳು.

“ಇಲ್ಲಮ್ಮ.”

“ಯಾಕೆ?”

“ನಾನು ನೋಡಿದ್ರೆ ನಾವೆಲ್ಲ ಆ ತೂತಿನೊಳಗೇ ಇರ್ತೀವಿ.”

ಎಲ್ಲರೂ ನಕ್ಕರು. ಅವನು ತಮಾಷೆಗೆ ಹೇಳಿರಲಿಲ್ಲ. ಮೂರು ದಿನದಲ್ಲಿ ಆ ತಿರುವನ್ನು ಆರು ಸಲ ದಾಟಿಸಿದ, ಆರು ಸಲವೂ ಕೂಗು ಕೇಳಿಸಿಕೊಂಡ, ನೀರು ಕಾಣಲಿಲ್ಲ.

ಕೋಟೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಎಲ್ಲರನ್ನೂ ಇಳಿಸಿ ಅರ್ಧ ಮೈಲಿ ಆಚೆ, ಮೀನಿನ ಗೋದಾಮಿನ ಪಕ್ಕ ನಿಲ್ಲಿಸಿಕೊಂಡು ಕುಳಿತ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಅವರು ಬಣ್ಣಬಣ್ಣದ ಮೀನು ನೋಡಿ ಬಂದರು. ಅವನು ಆ ಹೊತ್ತಿನಲ್ಲಿ ವ್ಯಾನಿನ ಗಾಜು ಒರೆಸಿದ. ದೀಪಸ್ತಂಭದ ಕೆಳಗೆ ಪೊಲೀಸಿನವನು ಇಲ್ಲಿ ನಿಲ್ಲಿಸಬೇಡ ಎಂದು ಎರಡು ಸಲ ಸೀಟಿ ಊದಿದ್ದಕ್ಕೆ ಅದರ ಸುತ್ತ ಹನ್ನೊಂದು ಸುತ್ತು ಹೊಡೆದ. ಮೇಲೆ ಹತ್ತಿ ನಿಂತ ಬೀಗಿತ್ತಿ ಕೆಳಗೆ ನೋಡಿ, “ಅಗೋ, ನಮ್ಮ ಗಾಡಿ ಆಟದ ಸಾಮಾನಿನ ಹಾಗೆ ಕಾಣ್ತಿದೆ!” ಎಂದು ಖುಷಿಪಟ್ಟರಂತೆ. ಆ ಆಟದ ಸಾಮಾನಿನೊಳಗೆ ಒಬ್ಬ ಮನುಷ್ಯ ಹಲ್ಲು ಕಚ್ಚಿಕೊಂಡು ಕೂತಿದ್ದಾನೆ ಎಂಬುದು ಅಷ್ಟು ಎತ್ತರದಿಂದ ಯಾರಿಗೆ ಕಂಡೀತು!

ಊಟದ ಕಥೆ ಕೇಳಿದರೆ ಮೈ ಉರಿಯುತ್ತದೆ. ಬಂದರಿನ ಹೋಟೆಲುಗಳ ಮುಂದೆ ಗಾಡಿ ಬಿಡುವ ಹಾಗಿಲ್ಲ. ಎಲ್ಲರೂ ಒಳಗೆ ಕೂತು, ಆಗಷ್ಟೇ ಹಿಡಿದು ತಂದ ಮೀನನ್ನು ತಾವೇ ಬೆರಳು ಮಾಡಿ ಆರಿಸಿ, ಹುರಿಸಿಕೊಂಡು ತಿಂದು, ಕೈ ತೊಳೆದು, ಕಡ್ಡಿಯಲ್ಲಿ ಹಲ್ಲು ಕೆದಕುತ್ತಾ ಬರುವರು. ಹೆಂಡತಿಯ ಕೈಯಲ್ಲಿ ಅವನ ಪಾಲಿನ ಪೊಟ್ಟಣ. ಬಿಚ್ಚುವ ಹೊತ್ತಿಗೆ ಮೀನು ತಣ್ಣಗಾಗಿ ಕಾಗದಕ್ಕೆ ಅಂಟಿರುತ್ತಿತ್ತು. ಅವನು ಸ್ಟೀರಿಂಗಿನ ಮೇಲೆ ಕಾಗದ ಹರಡಿಕೊಂಡು ತಿನ್ನುವಾಗ ಹಿಂದಿನ ಸೀಟಿನಲ್ಲಿ, ಬಿಸಿಬಿಸಿಯಾಗಿದ್ದಾಗ ಅದೇ ಮೀನು ಎಷ್ಟು ರುಚಿಯಾಗಿತ್ತು ಎಂಬ ಚರ್ಚೆ ನಡೆಯುತ್ತಿತ್ತು.

“ಇದೇನೇ ಇದು?” ಎಂದು ಎರಡನೆಯ ಸಂಜೆ ವಸತಿಗೃಹದ ಕೋಣೆಯಲ್ಲಿ ಹೆಂಡತಿಯನ್ನು ಕೇಳಿದ. “ನನ್ನನ್ನ ರಜೆಗೆ ಕರ್ಕೊಂಡ್ ಬಂದಿದ್ದೋ, ಡ್ಯೂಟಿಗೋ? ಡಿಪೋದಲ್ಲಾದ್ರೆ ವಾರಕ್ಕೊಂದು ರಜೆ ಇತ್ತು.”

“ಮೆಲ್ಲಗೆ ಮಾತಾಡಿ, ಪಕ್ಕದ ಕೋಣೇಲಿ ಬೀಗರಿದ್ದಾರೆ. ನಾಲ್ಕು ದಿನ ತಾನೆ? ಮಗಳ ಮುಖ ನೋಡಿ ಸುಮ್ನಿದ್ದುಬಿಡಿ.”

“ಮಗಳ ಮುಖ ನೋಡೋದಕ್ಕೂ ಕನ್ನಡಿ ನೋಡ್ಬೇಕು ಕಣೆ ನಾನು. ಅವಳು ಹಿಂದೆ ಕೂತಿರ್ತಾಳೆ.”

ಸೀರೆ ಮಡಚುತ್ತಿದ್ದ ಹೆಂಡತಿ ಅರ್ಧಕ್ಕೇ ನಿಲ್ಲಿಸಿ ಅವನ ಕಡೆ ತಿರುಗಿದಳು. ಅವನು ಅದನ್ನೂ ನೋಡಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದ.

ಕೊನೆಯ ದಿನ ಮಧ್ಯಾಹ್ನ ಹೋದ ಹೋಟೆಲಿಗೆ ಅಂಗಳವಿತ್ತು. ಗಾಡಿ ನಿಲ್ಲಿಸಿ, ಕೀಲಿಕೈ ಜೇಬಿಗೆ ಹಾಕಿಕೊಂಡು, ಎಲ್ಲರ ಜೊತೆ ಅವನೂ ಒಳಗೆ ಬಂದ. ಅಳಿಯ ಮೊದಲೇ ಫೋನಿನಲ್ಲಿ ಮೇಜು ಹಿಡಿದಿಟ್ಟಿದ್ದ. ಸಮುದ್ರಕ್ಕೆ ಎದುರಾದ ಮೇಜು, ಅದರ ಸುತ್ತ ಆರು ಕುರ್ಚಿ. ಆರು! ಏಳು ಜನ ಕೂರುವ ವ್ಯಾನು ಹುಡುಕುವಾಗ ಸರಿಯಾಗಿ ಬಂದ ಲೆಕ್ಕ ಊಟಕ್ಕೆ ಬಂದಾಗ ತಪ್ಪಿಹೋಗಿತ್ತು. ಬಡಿಸುವವನು ಬೇರೆಲ್ಲಿಂದಲೋ ಒಂದು ಸ್ಟೂಲು ತಂದು ಮೂಲೆಗೆ ಹಾಕಿದ. ಮೆತ್ತಗಣ್ಣ ಸಮುದ್ರಕ್ಕೆ ಬೆನ್ನು ಮಾಡಿ ಕುಳಿತ.

ಆದರೂ ಸೂಪು ಬಂತು. ಬಿಸಿ ಹೊಗೆಯಾಡುವ ಸೂಪು. ಅವನು ಚಮಚ ಎತ್ತಿಕೊಂಡ.

ಮಗಳು ಫೋನಿನಲ್ಲಿ ಮೂರು ದಿನದ ಫೋಟೋಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು. ಕೋಟೆಯ ಮುಂದೆ ಆರು ಜನ. ದೋಣಿಯಲ್ಲಿ ಆರು ಜನ. ದೀಪಸ್ತಂಭದ ಮೇಲೆ ಗಾಳಿಗೆ ಕೂದಲು ಕೆದರಿಕೊಂಡ ಆರು ಜನ. ಆಮೇಲೆ ಮೊಮ್ಮಗಳು ಐಸ್‌ಕ್ರೀಮ್ ಹಿಡಿದು ನಗುತ್ತಾ ನಿಂತ ಒಂದು ಫೋಟೋ.

“ಛೆ, ಎಷ್ಟು ಚೆನ್ನಾಗಿ ಬಂದಿತ್ತು,” ಎಂದಳು ಮಗಳು. “ಹಿಂದೆ ಯಾರದೋ ಕೈ ಬಂದ್ಬಿಟ್ಟಿದೆ. ಕಟ್ ಮಾಡ್ತೀನಿ ತಾಳಿ.”

ಮೆತ್ತಗಣ್ಣ ಬಗ್ಗಿ ನೋಡಿದ. ಹಿಂದೆ ವ್ಯಾನಿತ್ತು. ವ್ಯಾನಿನ ಕಿಟಕಿಯಲ್ಲಿ ಹೊಸ ಅಂಗಿಯ ತೋಳು, ಒಂದು ಮೊಣಕೈ.

ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೋಟೆಲಿನ ಕಾವಲಿನವನು ಬಂದು, ಸಾಮಾನಿನ ಲಾರಿ ಒಳಗೆ ಬರಬೇಕು, ಅಂಗಳದ ವ್ಯಾನನ್ನು ಹಿಂದಕ್ಕೆ ತೆಗೆಯಿರಿ ಎಂದ. ಮೇಜಿನ ಸುತ್ತ ಇದ್ದ ತಲೆಗಳೆಲ್ಲ ಒಟ್ಟಿಗೆ ಮೂಲೆಯ ಸ್ಟೂಲಿನ ಕಡೆ ತಿರುಗಿದವು.

“ಬೀಗ್ರು ಎದ್ರೆ ಒಂದು ನಿಮಿಷದ ಕೆಲಸ,” ಎಂದರು ಬೀಗರು, ರೊಟ್ಟಿಗೆ ಬೆಣ್ಣೆ ಸವರುತ್ತಾ. ತಲೆಯ ಮೇಲೆ ಟೋಪಿ ಹಾಗೆಯೇ ಇತ್ತು.

ಮೆತ್ತಗಣ್ಣ ಏಳಲಿಲ್ಲ. ಸೂಪು ಕುಡಿದ. ಆತುರವಿಲ್ಲದೆ, ಒಂದೊಂದೇ ಚಮಚ, ಬಟ್ಟಲಿನ ತಳ ಕಾಣುವವರೆಗೆ ಕುಡಿದ. ಕಾವಲಿನವನು ಕಾದ, ಹೊರಗೆ ಲಾರಿ ಹಾರ್ನ್ ಹೊಡೆಯಿತು. ಮೆತ್ತಗಣ್ಣ ಬಾಯಿ ಒರೆಸಿಕೊಂಡು, ಜೇಬಿನಿಂದ ಕೀಲಿಕೈ ತೆಗೆದು ಅಳಿಯನ ತಟ್ಟೆಯ ಪಕ್ಕದಲ್ಲಿಟ್ಟ.

ಅವನ ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಡ್ಯೂಟಿ ಮುಗಿಸಿದವನು ಮುಂದಿನ ಡ್ರೈವರಿಗೆ ಗಾಡಿಯನ್ನು ಬಾಯಿಬಿಟ್ಟು ಒಪ್ಪಿಸಬೇಕು. ಗಾಡಿಗೆ ಏನೇನು ತೊಂದರೆಯಿದೆ ಎಂದು ಮುಖ ನೋಡಿ ಹೇಳಬೇಕು. ಕೇಳಿಸಿಕೊಂಡವನು ‘ಒಪ್ಪಿಕೊಂಡೆ’ ಎಂದರೆ ಮುಗಿಯಿತು. ಆಮೇಲೆ ಆ ಗಾಡಿಗೆ ಬೆಂಕಿ ಬಿದ್ದರೂ ಮೊದಲಿನವನು ತಿರುಗಿ ನೋಡಬೇಕಾಗಿಲ್ಲ.

“ಅಳಿಯಂದಿರೇ, ಕೇಳಿಸ್ಕೊಳ್ಳಿ,” ಎಂದ. “ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಡಿಮೆ ಇದೆ. ರಿವರ್ಸ್ ಗೇರ್ ಸಲೀಸಾಗಿ ಬೀಳಲ್ಲ, ಕ್ಲಚ್ಚು ಪೂರ್ತಿ ಒತ್ತಿ ಒಂದು ಗಳಿಗೆ ಕಾಯ್ಬೇಕು. ಇಳಿಜಾರಲ್ಲಿ ಬ್ರೇಕು ಎಡಕ್ಕೆ ಎಳೆಯುತ್ತೆ. ಒಪ್ಪಿಕೊಂಡ್ರಾ?”

ಅಳಿಯನಿಗೆ ಇದೇನೋ ಮಾವನ ಹಳೆಯ ಕಾಲದ ತಮಾಷೆ ಎನ್ನಿಸಿತು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಹಣೆಗೆ ಕೈಯೆತ್ತಿ ಸಲಾಮು ಹೊಡೆದು, “ಒಪ್ಪಿಕೊಂಡೆ ಮಾವ!” ಎಂದ. ಬೀಗಿತ್ತಿ ಕಿಸಕ್ಕನೆ ನಕ್ಕರು.

“ಸಂತೋಷ,” ಎಂದು ಮೆತ್ತಗಣ್ಣ ಎದ್ದ. ಮಗಳ ಹತ್ತಿರ ಬಂದು ಫೋನಿನ ಮೇಲೆ ಬೆರಳಿಟ್ಟ. “ಇದು ಯಾರದೋ ಕೈ ಅಲ್ಲ ಕಣಮ್ಮ. ನಿಮ್ಮಪ್ಪಂದು. ಮೂರು ದಿನದಲ್ಲಿ ನಾನು ಬಂದಿರೋದು ಇಷ್ಟೇ. ಕಟ್ ಮಾಡೋದಾದ್ರೆ ಮಾಡು.”

ಮಗಳ ಮುಖ ಬಿಳಿಚಿಕೊಂಡಿತು. ಏನು ಹೇಳಿದಳೋ, ಅವನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅಂಗಳ ದಾಟಿದ, ವ್ಯಾನನ್ನು ದಾಟಿದ, ಕಿಟಕಿಯಿಂದ ತಲೆ ಹೊರಹಾಕಿ ಕಿರುಚುತ್ತಿದ್ದ ಲಾರಿಯವನನ್ನೂ ದಾಟಿ ರಸ್ತೆಗೆ ಬಂದ. ದ್ವೀಪವನ್ನು ಸುತ್ತು ಹಾಕುವ ಬಸ್ಸು ನಿಲ್ಲುವ ಜಾಗ ಅವನಿಗೆ ಗೊತ್ತಿತ್ತು. ಮೂರು ದಿನ ಅದನ್ನೇ ನೋಡಿಕೊಂಡು ಓಡಾಡಿದ್ದ.

ಮೂವತ್ತನಾಲ್ಕು ವರ್ಷ ಜನರನ್ನು ಅಲುಗಾಡಿಸದೆ ಒಯ್ದದ್ದೇ ತಪ್ಪಾಯಿತು ಎನ್ನಿಸಿತು. ಒಂದೆರಡು ಸಲ ಗಕ್ಕನೆ ಬ್ರೇಕ್ ಹಾಕಿ ಮುಗ್ಗರಿಸುವ ಹಾಗೆ ಮಾಡಿದ್ದರೆ, ಮುಂದೆ ಒಬ್ಬ ಕೂತಿದ್ದಾನೆ ಎಂಬುದಾದರೂ ಅವರಿಗೆ ನೆನಪಿರುತ್ತಿತ್ತು.

ಹಿಂದೆ ಚಪ್ಪಲಿಯ ಸದ್ದು. ಹೆಂಡತಿ ಓಡೋಡಿ ಬರುತ್ತಿದ್ದಳು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನೆರಿಗೆ. ಮೆತ್ತಗಣ್ಣನ ಪಿತ್ತ ನೆತ್ತಿಗೇರಿತು.

“ಕರೆಯೋಕೆ ಬಂದಿದ್ರೆ ಹಾಗೇ ವಾಪಸ್ ಹೋಗು. ಬೀಗರು ಏನಂದ್ಕೋತಾರೆ ಅಂತ ಮಾತ್ರ ಹೇಳ್ಬೇಡ. ಏನು ಬೇಕಾದ್ರೂ ಅಂದ್ಕೊಳ್ಳಲಿ. ನಾನು ಬರಲ್ಲ!”

“ಯಾರು ಕರೆದ್ರು ನಿಮ್ಮನ್ನ?” ಅವಳು ಏದುಸಿರು ಬಿಡುತ್ತಾ ನಿಂತಳು. “ಮೂವತ್ತು ವರ್ಷದಿಂದ ಊರಿಗೆಲ್ಲ ಊರು ತೋರಿಸಿದ್ರಿ, ನನ್ನ ಪಕ್ಕ ಒಂದಿನ ಕೂತು ಎಲ್ಲಾದ್ರೂ ಹೋಗಿದ್ದೀರಾ? ಸಿಟ್ಟು ನಿಮಗೊಬ್ಬರಿಗೇ ಇರೋದಾ? ಬಸ್ಸು ಬಂತು, ಹತ್ತಿ ಮೊದಲು.”

ಅವನು ಹತ್ತಿದ. ಎಡಗಡೆಯ ಎರಡನೆಯ ಸೀಟು ಖಾಲಿಯಿತ್ತು. ಅವಳು ಮೊದಲು ಒಳಗೆ ಸರಿಯಲು ಹೋದಳು.

“ಕಿಟಕಿ ಹತ್ರ ನಾನು,” ಎಂದ ಮೆತ್ತಗಣ್ಣ. ಬಿಟ್ಟುಕೊಡುವ ದನಿಯಲ್ಲ ಅದು.

ಅವಳು ಅವನ ಮುಖ ನೋಡಿ ದಾರಿ ಬಿಟ್ಟಳು.

ಬಸ್ಸು ಹೊರಟಿತು. ಮೊದಲ ತಿರುವಿಗೇ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಮೆತ್ತಗಣ್ಣನ ಬಲಗಾಲು ತಾನಾಗಿ ಬರೀ ನೆಲವನ್ನು ಒತ್ತಿತು. “ಅಯ್ಯೋ, ಬ್ರೇಕ್ ಹೀಗಾ ಹಾಕೋದು? ಗೇರ್ ಇಳಿಸ್ಬೇಕಿತ್ತು ಇವನು, ಎದುರಿಗೆ ಸ್ಕೂಟರ್...”

“ರೀ, ರಸ್ತೆ ನೋಡ್ಬೇಡಿ. ಆ ಕಡೆ ನೋಡಿ.”

ತಿರುಗುವುದು ಸುಲಭವಾಗಲಿಲ್ಲ. ಕುತ್ತಿಗೆ ಅಷ್ಟು ವರ್ಷ ಮುಂದಕ್ಕೇ ನಾಟಿಕೊಂಡಿತ್ತು. ನಿಧಾನಕ್ಕೆ ತಿರುಗಿಸಿದ, ಕಿಟಕಿಯ ಅಂಚಿನ ಮೇಲೆ ಮೊಣಕೈ ಊರಿದ. ಸಮುದ್ರ ಎಲ್ಲಿಂದೆಲ್ಲಿಗೋ ಹರಡಿಕೊಂಡಿತ್ತು. ಬಂಡೆಯ ತಿರುವು ಇನ್ನೂ ಮುಂದಿತ್ತು.

ಹೆಂಡತಿಯ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಅವಳು ಎತ್ತಿ ಕಿವಿಗಿಟ್ಟು ಕೇಳಿದಳು. ಅತ್ತ ಕಡೆಯಿಂದ ಲಾರಿಯ ಹಾರ್ನು, ಬೀಗರ ದನಿ, ಅಳಿಯನ ದನಿ, ಎಲ್ಲ ಒಟ್ಟಿಗೆ ಅವನಿಗೂ ಕೇಳಿಸುತ್ತಿತ್ತು.

“ರಿವರ್ಸ್ ಬೀಳ್ತಾನೇ ಇಲ್ಲವಂತೆ,” ಎಂದಳು. “ಮಾವನಿಗೆ ಎಲ್ಲಿದ್ರೂ ಬರೋಕೆ ಹೇಳಿ ಅಂತಿದ್ದಾರೆ. ಏನು ಹೇಳ್ಲಿ?”

ಮೆತ್ತಗಣ್ಣ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಒಪ್ಪಿಕೊಂಡಾಗಿದೆ ಅಂತ ಹೇಳು,” ಎಂದ.