ಬುಡವಿಲ್ಲದ ಅಣಬೆ

ಅಂದು ಬೆಳಿಗ್ಗೆ ಅಂಗಳ ಸಾರಿಸಿದೆ, ಎಮ್ಮೆ ಹಿಂಡಿದೆ, ತಳ ಹತ್ತಿದ ಹಾಲಿನ ಪಾತ್ರೆಗೆ ನೀರು ಹಾಕಿ ನೆನೆಯಲಿಟ್ಟೆ, ತೊಗರಿಬೇಳೆ ಆರಿಸಿದೆ, ಯಜಮಾನರಿಗೆ ಬುತ್ತಿ ಕಟ್ಟಿ ಆಳಂದದ ಬಸ್ಸಿಗೆ ಕಳಿಸಿದೆ, ಅತ್ತೆಯ ತಲೆಗೆ ಎಣ್ಣೆ ಹಚ್ಚಿ ಬಾಚಿದೆ. ಅತ್ತೆ ಜ್ವರ ಬಿದ್ದು ಎದ್ದವರು. ಬಾಯಿರುಚಿ ಕೆಟ್ಟು, ಗಂಜಿ ಕೊಟ್ಟರೂ ಎರಡು ಗುಟುಕು ಕುಡಿದು ಬಟ್ಟಲು ದೂಡುತ್ತಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಅಷ್ಟರಲ್ಲಿ ನೆಗೆಣ್ಣಿ ಬಂದಳು. ನನ್ನ ಮೈದುನನ ಹೆಂಡತಿ. ಪಕ್ಕದ ಮನೆಯಲ್ಲಿ ಬೇರೆ ಒಲೆ. ಸೆರಗಿನ ತುಂಬ ಅಣಬೆ.

"ಅತ್ತೀ, ನಿಮಗಂತನ ತಂದೀನ್ರಿ."

ಅತ್ತೆಗೆ ಕಣ್ಣು ಮಂಜು. ಒಂದನ್ನು ಮೂಗಿಗೆ ಹಿಡಿದು ಮೂಸಿದರು. "ತವರೂರು ಅಂದೋಲಾದಾಗ ನಮ್ಮವ್ವ ಮಾಡ್ತಿದ್ಳು. ಶೇಂಗಾ, ಒಣಕೊಬ್ಬರಿ ಅರದು ಹಾಕ್ ಬೇ. ಇವತ್ತ ಒಂದ್ ರೊಟ್ಟಿ ಉಣ್ತೀನಿ."

ಜ್ವರ ಬಿಟ್ಟ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ಅಡುಗೆ ಅದು. ಇಲ್ಲವೆನ್ನುವುದು ಹೇಗೆ? ಆದರೆ ಇಂಥ ಅಣಬೆಯನ್ನು ನಾನು ನೋಡಿರಲಿಲ್ಲ. ಅಂಗೈಗಿಂತ ಅಗಲ, ಮೇಲೆ ಕಂದು ಹಕ್ಕಳೆ.

"ಇವತ್ತ ಶ್ರಾವಣ ಸೋಮವಾರ ಅದರಿ," ಎಂದೆ.

"ಸೋಮವಾರಕ್ಕೂ ಅಣಬಿಗೂ ಏನ್ ಸಂಬಂಧ? ಅಂಜಿಕಿ ಆಗ್ಯಾದ ಅನ್ನು. ಇಲ್ಲಂದ್ರ ನನ್ನ ಮಲಗಿಸಿ ನೀವಿಬ್ರೂ ತಿನ್ನೋರು," ಎಂದರು ಅತ್ತೆ.

ನೆಗೆಣ್ಣಿ ನಕ್ಕಳು. ನನಗೆ ಆ ನಗುವೂ ಸರಿಬರಲಿಲ್ಲ.

"ನಿಮ್ಮನಿಗಿ ಇಟ್ಕೊಂಡಿಲ್ಲೇನು?"

"ಇಲ್ರೀ ಅಕ್ಕಾ. ನಮ್ಮನ್ಯಾಗ ಯಾರೂ ತಿನ್ನಂಗಿಲ್ಲ."

ಮೊನ್ನೆಯ ಮದುವೆಯೂಟದಲ್ಲಿ ಅಣಬೆ ಪಲ್ಯವನ್ನು ಮತ್ತೆ ಮತ್ತೆ ಹಾಕಿಸಿಕೊಂಡವಳು ಇವಳೇ; ನಾನು ಅದೇ ಸಾಲಿನಲ್ಲಿದ್ದೆ. ಎಲ್ಲಿ ಸಿಕ್ಕವು ಎಂದರೆ ಮೊದಲು ಹುತ್ತದ ಹತ್ತಿರ ಎಂದಳು. ಸ್ವಲ್ಪ ಹೊತ್ತಿಗೆ ಅದು ಜಾಲಿ ಗಿಡದ ಬುಡ ಆಯಿತು. ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದೆ. ಒಂದು ಕಡೆ ತಿನ್ನಬಹುದು ಎಂದಿತ್ತು, ಇನ್ನೊಂದು ಕಡೆ ವಾಂತಿ ಎಂದಿತ್ತು. ಅದರ ಮೇಲೂ ನಂಬಿಕೆ ಬರಲಿಲ್ಲ.

ಮಿಕ್ಸರಿನ ಸದ್ದಿಗೆ ಅತ್ತೆ ಕಿವಿಗೊಟ್ಟು ಕೂತಿದ್ದರು. ಮಸಾಲೆ ಅರೆದೆ, ಅಣಬೆ ಮುಟ್ಟಲಿಲ್ಲ.

"ನಿಮ್ಮವ್ವ ಹ್ಯಾಂಗ ಗುರ್ತ ಹಿಡೀತಿದ್ರು ಅತ್ತೀ?"

"ಬುಡ ನೋಡ್ತಿದ್ಳು. ಅಕಿ ತರೋ ಅಣಬಿ ಹುತ್ತದಾಗಿಂದ ಏಳ್ತಿದ್ವು. ಮೂಲಂಗಿ ಹಂಗ ಉದ್ದಕ ಒಳಗ ಇಳದಿರ್ತಿತ್ತು." ಬೆರಳಾಡಿಸಿ ತಡವಿದರು. "ಇವಕ್ಕ ಬುಡನ ಇಲ್ಲಲ್ಲ."

ನೆಗೆಣ್ಣಿ ಎಲ್ಲವನ್ನೂ ಕಳೆ ತೆಗೆಯುವ ಕುರ್ಪಿಯಿಂದ ನೆಲಮಟ್ಟಕ್ಕೆ ಕೊಯ್ದು ತಂದಿದ್ದಳು. "ನಡಿ, ಜಾಗ ತೋರ್ಸು," ಎಂದೆ.

ಓಣಿ ದಾಟಿದ ಮೇಲೆ ನೆಗೆಣ್ಣಿ ಬಾಯಿಬಿಟ್ಟಳು. ಹತ್ತರಕಿ ಸೊಪ್ಪು ಕೀಳಲು ಬೇರೆಯವರ ಹೊಲಕ್ಕೆ ಇಳಿದಿದ್ದಳಂತೆ. "ಮಂದಿ ಹೊಲದಾಗ ಕೈ ಹಾಕಿದಿ ಅಂತ ಅತ್ತಿ ಬೈತಾರಂತ ಸುಳ್ಳ ಹೇಳ್ದೆರಿ."

"ಮತ್ತ ನಿನ್ನ ಪಾಲು ಯಾಕ ಇಟ್ಕೊಳ್ಳಿಲ್ಲ?"

"ಅತ್ತಿಗಿ ಗೊತ್ತಿರ್ತದಲ್ಲಕ್ಕ. ಅವರು ಉಂಡು ಗಟ್ಟಿ ಇದ್ರ ನಾಳಿ ಕೊಯ್ಕೊಂಡು ಬಂದ್ರಾತಂತ ಬಿಟ್ಟೀನಿ."

ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ನಾನು ನಗಲಿಲ್ಲ.

ಆ ಹೊಲದ ಬದುವಿನ ಮೇಲೆ ಹುತ್ತವಿರಲಿಲ್ಲ. ಹಳೆಯ ಗೊಬ್ಬರದ ಗುಡ್ಡೆಯ ಗುರುತಿತ್ತು. ಅವಳು ಬಿಟ್ಟಿದ್ದವುಗಳಲ್ಲಿ ಒಂದನ್ನು ಸುತ್ತಲೂ ಅಗೆದು ಮಣ್ಣು ಸಮೇತ ಎತ್ತಿದೆ. ಬುಡ ಆಳಕ್ಕೆ ಹೋಗಿರಲೇ ಇಲ್ಲ. ಮಣ್ಣಿನಡಿ ಉಳ್ಳಾಗಡ್ಡಿಯಂತೆ ಉಬ್ಬಿ ಮುಗಿದಿತ್ತು.

ಬೇಡವೆಂದು ನಾನು ಹೇಳಿದರೆ ಅತ್ತೆ ನಂಬುವವರಲ್ಲ. ಮನೆಗೆ ಬಂದು ಮಣ್ಣಿನ ಹೆಂಟೆಯನ್ನೇ ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಮಣ್ಣು ಬಿಡಿಸಿ, ಆ ಗಡ್ಡೆಯ ಸುತ್ತ ನಿಧಾನಕ್ಕೆ ಸವರಿದರು.

"ಹುತ್ತ ಇತ್ತೇನು?"

"ಇಲ್ರಿ."

ಅತ್ತೆ ಅದನ್ನು ನೆಲಕ್ಕಿಟ್ಟರು. ಆಮೇಲೆ, "ನಮ್ಮವ್ವನ ಅಣಬಿ ಅಲ್ಲ ಬಿಡು ಇದು," ಎಂದು ಕೈ ಮುಂದೆ ಚಾಚಿದರು, ತೊಳಿ ಎನ್ನುವಂತೆ. "ತಿಪ್ಪಿಗಿ ಒಗಿಬ್ಯಾಡ. ಎಮ್ಮಿ ಬಾಯಿ ಹಾಕ್ತದ. ಹುಗದು ಬಾ."

ಎಲ್ಲವನ್ನೂ ಹುಗಿದು ಬಂದು ಅವರ ಕೈ, ನನ್ನ ಕೈ, ನೆಗೆಣ್ಣಿಯ ಕೈ ಸಾಬೂನು ಹಚ್ಚಿ ತಿಕ್ಕಿದೆ. ನೆಗೆಣ್ಣಿ ಸೆರಗನ್ನೂ ಒಗೆದುಕೊಂಡಳು.

ಅರೆದ ಮಸಾಲೆಗೆ ಬದನೆಕಾಯಿ ಹಾಕಿದೆ. ಅತ್ತೆ ಮುಖ ಗಂಟಿಕ್ಕಿಕೊಂಡೇ ರೊಟ್ಟಿ ಮುರಿದರು, ಖಾರ ಕಡಿಮೆ ಎಂದರು, ಒಂದು ರೊಟ್ಟಿ ಮುಗಿಸಿ ಇನ್ನರ್ಧ ಕೇಳಿದರು. ಯಜಮಾನರು ಸಂಜೆ ಬಂದು ಉಳಿದದ್ದನ್ನು ಮೊಸರನ್ನದ ಜೊತೆ ಉಂಡರು. ಆ ದಿನ ಮೊದಲು ನಿದ್ದೆ ಹೋದವಳು ನಾನೇ. ಅತ್ತೆ ಇನ್ನೂ ಕೂತು ಹಲ್ಲಿನ ಸಂದಿನ ಶೇಂಗಾ ತೆಗೆಯುತ್ತಿದ್ದರಂತೆ.